ಒಹಾಯೋದ ಸಣ್ಣ ಊರಲ್ಲಿ ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್: 12 ತಂಡ, 9ನೇ ಸರದಿ, ಜೊತೆಗೆ ಹಾಡಿನ ಉಸ್ತುವಾರಿ

ಸ್ಟಾರ್ಕ್‌ಕೌಂಟಿ_ಕನ್ನಡಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಹಾಯೋದ ಕ್ಯಾಂಟನ್ ಪಕ್ಕದ ಸಣ್ಣ ಊರು. ಕೆಲಸದ ಜಾಗದ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ನಲ್ಲಿ (ನಿಜ ಆಟಗಾರರನ್ನ ಆರಿಸಿ, ಅವರ ಆಟದ ಮೇಲೆ ಅಂಕ ಗಳಿಸೋದು) ಒಂದು ತಂಡ ಖಾಲಿಯಾಗಿ ನನ್ನನ್ನು ಸೇರಿಸಿಕೊಂಡಿದ್ದಾರೆ. ಅಮೆರಿಕನ್ ಫುಟ್‌ಬಾಲ್ ನೋಡಿದರೆ ಅರ್ಥವಾಗುತ್ತೆ, ಡ್ರಾಫ್ಟ್ (ಸರದಿ ಪ್ರಕಾರ ಆಟಗಾರರನ್ನ ಆರಿಸೋದು) ಮಾತ್ರ ಹೊಸದು. ಡ್ರೀಮ್11 ಗೊತ್ತು, ಐಪಿಎಲ್ ಹರಾಜು ಗೊತ್ತು, ಇದು ಎರಡರ ಹಾಗೂ ಇಲ್ಲ.

ನಿಯಮ ಹೀಗಿದೆ: 12 ತಂಡ, ಸ್ನೇಕ್ ಡ್ರಾಫ್ಟ್, 15 ಸುತ್ತು, ನನ್ನದು 9ನೇ ಸರದಿ. ಪ್ರತಿ ವಾರ ಆಡಿಸಬೇಕಾದ್ದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋನು) 1, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) 2, ರಿಸೀವರ್ (ಎಸೆತ ಹಿಡಿಯೋನು) 2, ಟೈಟ್ ಎಂಡ್ (ಎದುರಾಳಿಯನ್ನ ತಡೆಯೋದೂ ಎಸೆತ ಹಿಡಿಯೋದೂ ಮಾಡೋನು) 1, ಫ್ಲೆಕ್ಸ್ (ಹಿಂದಿನ ಮೂರು ಬಗೆಯಲ್ಲಿ ಯಾರಾದರೂ) 1, ಕಿಕ್ಕರ್ 1, ಡಿಫೆನ್ಸ್ (ಒಂದು ತಂಡದ ರಕ್ಷಣಾ ಪಡೆ ಪೂರ್ತಿ) 1. ಬೆಂಚಿನಲ್ಲಿ 6. ಪಾಸಿಂಗ್ (ಎಸೆತ) 25 ಯಾರ್ಡ್‌ಗೆ 1 ಅಂಕ, ಪಾಸಿಂಗ್ ಟಚ್‌ಡೌನ್‌ಗೆ 4. ಓಟ, ಕ್ಯಾಚ್ 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ 6. ಪ್ರತಿ ಕ್ಯಾಚ್‌ಗೆ ಅರ್ಧ ಅಂಕ.

ಮೂರು ಪ್ರಶ್ನೆ. 9ನೇ ಸರದಿಯಿಂದ ತಂಡ ಕಟ್ಟೋದು ಹೇಗೆ? ಲೀಗ್ ನಡೆಸೋರು ಆಗಸ್ಟ್ ಕೊನೆಯ ಶುಕ್ರವಾರ ಸಂಜೆ ಡ್ರಾಫ್ಟ್ ಅಂದರು, ಅರ್ಧ ಜನ ಆಗೋದೇ ಇಲ್ಲ ಅಂತಿದ್ದಾರೆ, ಯಾಕೆ? ಮತ್ತೆ ಇಲ್ಲಿ ಹಾಲ್ ಗೋಡೆಗೆ ಬೋರ್ಡ್ ಹಾಕಿ ಸ್ಟಿಕ್ಕರ್ ಅಂಟಿಸೋ ಪದ್ಧತಿ. ಬೋರ್ಡೂ ಹಾಡೂ ಎರಡೂ ಹೊಸಬನ ತಲೆಗೆ ಕಟ್ಟಿದ್ದಾರೆ. ಇದನ್ನು ಎಡವಟ್ಟಿಲ್ಲದೆ ನಡೆಸೋದು ಹೇಗೆ?


ಟಿಯರ್_ಪಟ್ಟಿ ಉತ್ತರಿಸಿದ್ದು:

ಮೊದಲು ಡ್ರೀಮ್11 ಲೆಕ್ಕ ಬಿಡಿ. ಅಲ್ಲಿ ಒಬ್ಬ ಆಟಗಾರ ಲಕ್ಷ ತಂಡಗಳಲ್ಲಿ ಇರಬಹುದು. ಇಲ್ಲಿ ಒಬ್ಬ ಒಂದು ತಂಡಕ್ಕೆ ಮಾತ್ರ, ಸೀಸನ್ ಪೂರ್ತಿ. 12 ತಂಡಕ್ಕೆ 15 ಅಂದರೆ 180 ಜನ ಹೋಗ್ತಾರೆ. ಯಾರು ಒಳ್ಳೆಯವರು ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ನಿಮ್ಮ ಮುಂದಿನ ಸರದಿ ಬರೋ ಹೊತ್ತಿಗೆ ಯಾವ ಸ್ಥಾನದಲ್ಲಿ ಸರಕು ಮುಗಿದಿರುತ್ತೆ ಅನ್ನೋದನ್ನ ಅಂದಾಜು ಮಾಡೋದೇ ಡ್ರಾಫ್ಟ್.

ಸ್ನೇಕ್‌ನಲ್ಲಿ ಬೆಸ ಸುತ್ತು 1ರಿಂದ 12, ಸಮ ಸುತ್ತು 12ರಿಂದ 1. ನಿಮ್ಮ ಸರದಿಗಳು: 9, 16, 33, 40, 57, 64, 81, 88, 105, 112, 129, 136, 153, 160, 177. ಇದನ್ನು ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಅಂತರ ನೋಡಿ. 9 ಆದಮೇಲೆ ಬರೇ 6 ಜನ ಹೋಗಿ ನಿಮಗೆ 16 ಬರುತ್ತೆ. 16 ಆದಮೇಲೆ 16 ಜನ ಹೋಗಿ 33. ಕೊನೇವರೆಗೂ ಇದೇ ಲಯ.

ಇದರ ಉಪಯೋಗ ಹೀಗೆ. ಬೆಸ ಸುತ್ತಿನಲ್ಲಿ ನಿಮ್ಮ ಹಿಂದಿರೋದು 10, 11, 12ನೇ ತಂಡ ಮಾತ್ರ. ಆ ಮೂವರ ಕಾಲಂ ನೋಡಿ. 7ನೇ ಸುತ್ತಿನಲ್ಲಿ (81) ನಿಮಗೆ ಕ್ವಾರ್ಟರ್‌ಬ್ಯಾಕ್ ಬೇಕು, ಆದರೆ ಆ ಮೂವರ ಹತ್ತಿರವೂ ಆಗಲೇ ಒಬ್ಬೊಬ್ಬ ಇದ್ದಾನೆ ಅಂದರೆ ಅವರು ಇನ್ನೊಬ್ಬನನ್ನ ತೆಗೆಯೋ ಸಂಭವ ಬಹಳ ಕಡಿಮೆ. 81ರಲ್ಲಿ ರಿಸೀವರ್ ತೊಗೊಳ್ಳಿ, 88ರಲ್ಲಿ ಅದೇ ಕ್ವಾರ್ಟರ್‌ಬ್ಯಾಕ್ ಸಿಗ್ತಾನೆ. ಸಮ ಸುತ್ತಿನಲ್ಲಿ ಇದು ನಡೆಯಲ್ಲ. 16 ಜನ ಹೋಗೋದರೊಳಗೆ ಒಂದು ಟಿಯರ್ ಪೂರ್ತಿ ಖಾಲಿಯಾಗಬಹುದು, ಆಗ ಕೊರತೆ ಇರೋ ಸ್ಥಾನಕ್ಕೇ ಕೈ ಹಾಕಬೇಕು.

ಟಿಯರ್ ಅಂದರೆ ಹೆಚ್ಚುಕಮ್ಮಿ ಒಂದೇ ತೂಕದ ಆಟಗಾರರ ಗುಂಪು. 1ರಿಂದ 200ರವರೆಗಿನ ಉದ್ದ ಪಟ್ಟಿ ತೊಗೊಂಡು ಕೂತರೆ 41ನೆಯವನಿಗೂ 44ನೆಯವನಿಗೂ ವ್ಯತ್ಯಾಸ ಹುಡುಕುತ್ತಾ ಸಮಯ ಹೋಗುತ್ತೆ. ಸ್ಥಾನಕ್ಕೊಂದು ಕಾಲಂ ಮಾಡಿ, ಅಂಕದ ಅಂದಾಜು ಎಲ್ಲಿ ದೊಡ್ಡದಾಗಿ ಕುಸಿಯುತ್ತೋ ಅಲ್ಲೊಂದು ಗೆರೆ ಎಳೀರಿ. ಒಂದು ಟಿಯರ್‌ನಲ್ಲಿ 5 ಜನ ಉಳಿದಿದ್ದರೆ ಕಾಯಿರಿ, ಒಬ್ಬನೇ ಉಳಿದಿದ್ದರೆ ಎತ್ತಿ. ಅಷ್ಟೇ.

ಸ್ಥಾನಗಳನ್ನು ಒಂದಕ್ಕೊಂದು ತೂಗೋದು ಹೇಗೆ ಅಂದರೆ, ಆ ಸ್ಥಾನದಲ್ಲಿ ಲೀಗ್ ಪೂರ್ತಿ ವಾರವಾರ ಆಡಿಸೋರ ಪೈಕಿ ಕೊನೆಯವನ ಜೊತೆ ಹೋಲಿಸಿ. ಲೆಕ್ಕಕ್ಕೆ ಅಂತ ಅಂಕಿ ಇಟ್ಕೊಳ್ಳೋಣ: ಮೊದಲ ಕ್ವಾರ್ಟರ್‌ಬ್ಯಾಕ್ ಸೀಸನ್‌ಗೆ 370, ಹನ್ನೆರಡನೆಯವನು 290, ವ್ಯತ್ಯಾಸ 80. ಮೊದಲ ರನ್ನಿಂಗ್ ಬ್ಯಾಕ್ 290, ಮೂವತ್ತನೆಯವನು 130, ವ್ಯತ್ಯಾಸ 160. ಒಟ್ಟು ಅಂಕ ಕ್ವಾರ್ಟರ್‌ಬ್ಯಾಕ್‌ಗೇ ಜಾಸ್ತಿ ಇದ್ದರೂ ಮೊದಲು ಎತ್ತಬೇಕಾದ್ದು ರನ್ನಿಂಗ್ ಬ್ಯಾಕನ್ನ. ಹೊಸಬರು ಎರಡನೇ ಸುತ್ತಿಗೇ ಕ್ವಾರ್ಟರ್‌ಬ್ಯಾಕ್ ತೆಗೆದು ಕೆಡೋದು ಇದೇ ಕಾರಣಕ್ಕೆ: ವಾರಕ್ಕೆ ಒಬ್ಬನೇ ಆಡೋದು, ತಂಡಕ್ಕೊಬ್ಬ ಸಾಕು.

ನಿಮ್ಮ ಅಂಕಪದ್ಧತಿಯಲ್ಲಿ ಓಡೋ ಕ್ವಾರ್ಟರ್‌ಬ್ಯಾಕ್‌ಗೆ ಬೆಲೆ ಹೆಚ್ಚು. ಅವನು 50 ಯಾರ್ಡ್ ಓಡಿದರೆ 5 ಅಂಕ, ಅಷ್ಟಕ್ಕೆ ಇನ್ನೊಬ್ಬ 125 ಯಾರ್ಡ್ ಎಸೀಬೇಕು. ಎಸೆದ ಟಚ್‌ಡೌನ್‌ಗೆ 4, ಓಡಿದ್ದಕ್ಕೆ 6. ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ 2023ರಲ್ಲಿ 15, 2024ರಲ್ಲಿ 14 ಟಚ್‌ಡೌನ್ ಓಡಿ ಹೊಡೆದದ್ದು. ನಿಯಮಪುಸ್ತಕದಲ್ಲಿ ಪಾಸಿಂಗ್ ಟಚ್‌ಡೌನ್‌ಗೂ 6 ಅಂತಿದ್ದರೆ ಈ ಲೆಕ್ಕ ಬದಲಾಗುತ್ತೆ, ಹಾಗಾಗಿ ಡ್ರಾಫ್ಟ್ ಹಿಂದಿನ ದಿನ ಆ್ಯಪ್‌ನ ಸೆಟ್ಟಿಂಗ್ಸ್ ಪುಟ ಪೂರ್ತಿ ಓದಿ. ಬಾಯಲ್ಲಿ ಹೇಳೋ ನಿಯಮಕ್ಕೂ ಆ್ಯಪ್‌ನಲ್ಲಿ ಇರೋದಕ್ಕೂ ತಾಳೆ ಇಲ್ಲದ ಲೀಗ್‌ಗಳು ಬೇಕಾದಷ್ಟಿವೆ.

ಸುತ್ತಿನ ಪ್ರಕಾರ ನನ್ನ ಸಲಹೆ: 9 ಮತ್ತು 16ರಲ್ಲಿ ಒಬ್ಬ ಮೇಲ್ದರ್ಜೆ ರಿಸೀವರ್, ಒಬ್ಬ ರನ್ನಿಂಗ್ ಬ್ಯಾಕ್, ಯಾವ ಟಿಯರ್ ತೆಳುವೋ ಅದು ಮೊದಲು. 33ರಿಂದ 64ರ ನಡುವೆ ರಿಸೀವರ್‌ಗಳ ಮೇಲೆ ಒತ್ತು ಕೊಡಿ. ಈ ಜಾಗದಲ್ಲಿ ಸಿಗೋ ರನ್ನಿಂಗ್ ಬ್ಯಾಕ್‌ಗಳು ಸಾಮಾನ್ಯವಾಗಿ ಕೆಲಸವನ್ನ ಇನ್ನೊಬ್ಬನ ಜೊತೆ ಹಂಚಿಕೊಂಡವರು, ಬೆಲೆ ಮಾತ್ರ ಪೂರ್ತಿ. 81, 88, 105ರಲ್ಲಿ ಕ್ವಾರ್ಟರ್‌ಬ್ಯಾಕ್, ಟೈಟ್ ಎಂಡ್. 112ರಿಂದ 153ರವರೆಗೆ ಬೇರೆಯವರ ತಾರೆಗಳ ಬದಲಿ ರನ್ನಿಂಗ್ ಬ್ಯಾಕ್‌ಗಳು, ಹೊಸ ಹುಡುಗರು. 160ರಲ್ಲಿ ಡಿಫೆನ್ಸ್, 177ರಲ್ಲಿ ಕಿಕ್ಕರ್. ಡಿಫೆನ್ಸ್ ಆರಿಸೋವಾಗ ಹೆಸರು ನೋಡಬೇಡಿ, ಮೊದಲ ವಾರ ಯಾರ ಎದುರು ಆಡ್ತಾರೆ ನೋಡಿ. ಎರಡನೇ ವಾರ ಬೇಕಾದರೆ ಬದಲಿಸಿ.

ಬದಲಿಗಳು ಯಾಕೆ ಅಂದರೆ: ಕ್ರಿಶ್ಚಿಯನ್ ಮೆಕ್ಯಾಫ್ರಿ 2023ರಲ್ಲಿ ಓಟ, ಕ್ಯಾಚ್ ಸೇರಿ 2,023 ಯಾರ್ಡ್, 21 ಟಚ್‌ಡೌನ್. 2024ರಲ್ಲಿ ಹೆಚ್ಚಿನ ಲೀಗ್‌ಗಳ ಮೊದಲ ಆಯ್ಕೆ ಅವನೇ, ಆಡಿದ್ದು 4 ಪಂದ್ಯ. ಮೊದಲ ವಾರ ಅವನ ಜಾಗದಲ್ಲಿ ಇಳಿದ ಜೋರ್ಡನ್ ಮೇಸನ್ 147 ಯಾರ್ಡ್ ಓಡಿದ. ಕೊನೆಯ ಸುತ್ತುಗಳಲ್ಲಿ ಹೆಚ್ಚುವರಿ ಕ್ವಾರ್ಟರ್‌ಬ್ಯಾಕ್, ಎರಡನೇ ಕಿಕ್ಕರ್ ಅಂತ ಜಾಗ ಹಾಳು ಮಾಡೋ ಬದಲು ಇಂಥವರನ್ನ ಕೂರಿಸಿ.

ಬೈ ವಾರದ (ಆಟಗಾರನ ತಂಡಕ್ಕೆ ಪಂದ್ಯವಿಲ್ಲದ ವಾರ) ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಅದು 5ನೇ ವಾರದಿಂದ ಶುರು, ಅಷ್ಟರಲ್ಲಿ ನಿಮ್ಮ ಬೆಂಚಿನ ಅರ್ಧ ಮುಖ ಬದಲಾಗಿರುತ್ತೆ.


ಉಳ್ಳಾಲ_ಬ್ಯಾಕ್‌ಫೀಲ್ಡ್ ಉತ್ತರಿಸಿದ್ದು:

ಮೇಲಿನವರು ಹೇಳಿದ್ದು ಹೆಚ್ಚಿನದ್ದೆಲ್ಲ ಸರಿ. ಆದರೆ 33ರಿಂದ 64ರವರೆಗೆ ಬರೀ ರಿಸೀವರ್ ಅಂತ ಕೂತರೆ ಕೆಲಸ ಕೆಡ್ತದೆ ಮಾರಾಯ್ರೆ. ಲೆಕ್ಕ ಹಾಕಿ: 12 ತಂಡಕ್ಕೆ ಎರಡೆರಡು ಅಂದ್ರೆ ಪ್ರತಿ ವಾರ 24 ರನ್ನಿಂಗ್ ಬ್ಯಾಕ್ ಬೇಕು, ಫ್ಲೆಕ್ಸ್ ಬೇರೆ. ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಇರುವುದೇ 32 ತಂಡ, ಅದರಲ್ಲಿ ಸುಮಾರು ತಂಡದವರು ಇಬ್ಬರಿಗೆ ಹಂಚಿ ಓಡಿಸ್ತಾರೆ. ರಿಸೀವರ್ ಹಾಗಲ್ಲ, ಒಂದೇ ತಂಡದಲ್ಲಿ ಇಬ್ಬರು, ಮೂವರು ಕೆಲಸಕ್ಕೆ ಬರ್ತಾರೆ.

ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದವರನ್ನು ಸೀಸನ್ ನಡುವೆ ಸೇರಿಸಿಕೊಳ್ಳುವುದು) ಸಿಕ್ಕಿದ ರಿಸೀವರ್‌ಗೆ ಪೂಕಾ ನಕೂವಾಗಿಂತ ದೊಡ್ಡ ಸಾಕ್ಷಿ ಬೇಕಾ? 2023ರ ಎನ್‌ಎಫ್‌ಎಲ್ ಡ್ರಾಫ್ಟಿನ (ನಿಜ ತಂಡಗಳು ಹೊಸಬರನ್ನು ಆರಿಸುವುದು) ಐದನೇ ಸುತ್ತಿನ ಹುಡುಗ. ಹೆಚ್ಚಿನ ಫ್ಯಾಂಟಸಿ ಲೀಗ್‌ಗಳಲ್ಲಿ ಅವನ ಸ್ಟಿಕ್ಕರ್ ಮುಟ್ಟಿದವರೇ ಇಲ್ಲ. ಮೊದಲ ವಾರ 10 ಕ್ಯಾಚ್, ಎರಡನೇ ವಾರ 15. ಸೀಸನ್ ಮುಗಿಯುವಾಗ 105 ಕ್ಯಾಚ್, 1,486 ಯಾರ್ಡ್, ಎರಡೂ ಆಗ ರೂಕಿಗಳ (ಮೊದಲ ವರ್ಷದವರ) ದಾಖಲೆ.

ನನ್ನ ಲೆಕ್ಕದಲ್ಲಿ 64ನೇ ಸರದಿ ಮುಗಿಯುವಾಗ ನಿಮ್ಮ ಹತ್ತಿರ ಮೂವರು ರನ್ನಿಂಗ್ ಬ್ಯಾಕ್, ಮೂವರು ರಿಸೀವರ್ ಇರಬೇಕು. ಕ್ಯಾಚಿಗೆ ಪೂರ್ತಿ ಒಂದಂಕ ಕೊಡುವ ಲೀಗ್ ಆದರೆ ಬೇರೆ ಮಾತು. ನಿಮ್ಮದು ಅರ್ಧ ಅಂಕ, ರನ್ನಿಂಗ್ ಬ್ಯಾಕ್‌ನ ತೂಕ ಅಷ್ಟೇನೂ ಇಳಿಯುವುದಿಲ್ಲ.


ಟಿಯರ್_ಪಟ್ಟಿ ಉತ್ತರಿಸಿದ್ದು:

ಹಂಚಿಕೊಂಡು ಓಡೋರ ಸಂಖ್ಯೆ ಜಾಸ್ತಿ ಅನ್ನೋದೇ ನನ್ನ ವಾದ ಕೂಡ. ಅವರಿಗೆ ನಾಲ್ಕನೇ ಸುತ್ತಿನ ಬೆಲೆ ಯಾಕೆ ತೆರಬೇಕು? ಹತ್ತನೇ ಸುತ್ತಿನ ಬದಲಿಗೂ ಅವನಿಗೂ ಇರೋ ಅಂತರ ಒಂದು ಗಾಯದಷ್ಟೇ. ನಕೂವಾ ತರಹದವರು ಮೂರ್ನಾಲ್ಕು ವರ್ಷಕ್ಕೊಬ್ಬರು; ಮುಂದಿನವನಿಗೆ ಪೆಟ್ಟಾಗಿ ಹಿಂದಿನವನು ಮೈದಾನಕ್ಕಿಳಿಯೋದು ಪ್ರತಿ ತಿಂಗಳ ಕತೆ. ಮೂವರು ಮೂವರು ಅನ್ನೋ ನಿಮ್ಮ ಲೆಕ್ಕ ತೀರಾ ತಪ್ಪಲ್ಲ. ಕೋಣೆಯಲ್ಲಿ ಎಲ್ಲರೂ ರಿಸೀವರ್ ಹಿಂದೆ ಬಿದ್ದು 57ಕ್ಕೆ ಒಳ್ಳೆ ಬ್ಯಾಕ್ ಉಳಿದಿದ್ದರೆ ನಾನೂ ಅವನನ್ನೇ ಎತ್ತುತ್ತೀನಿ.


ಶುಕ್ರವಾರದ_ದೀಪ ಉತ್ತರಿಸಿದ್ದು:

ಶುಕ್ರವಾರದ ಪ್ರಶ್ನೆಗೆ ಉತ್ತರ. ನೀವಿರೋದು ಸ್ಟಾರ್ಕ್ ಕೌಂಟಿ, ಅಲ್ಲಿ ಆಗಸ್ಟ್ ಕೊನೆಗೆ ಹೈಸ್ಕೂಲ್ ಫುಟ್‌ಬಾಲ್ ಶುರುವಾಗಿರುತ್ತೆ, ಶುಕ್ರವಾರ ಸಂಜೆ 7ಕ್ಕೆ ಪಂದ್ಯ. ಲೀಗಿನವರ ಮಕ್ಕಳು ಆಡ್ತಿರಬಹುದು, ಬ್ಯಾಂಡ್‌ನಲ್ಲಿ ಊದ್ತಿರಬಹುದು, ತಿಂಡಿ ಅಂಗಡಿ ಪಾಳಿಯಲ್ಲಿ ನಿಂತಿರಬಹುದು. ಪಕ್ಕದ ಮ್ಯಾಸಿಲಾನ್ ಊರಿನವರಾದರಂತೂ ಕೇಳೋದೇ ಬೇಡ. ಅಲ್ಲಿ ಹುಟ್ಟಿದ ಗಂಡುಮಗುವಿಗೆ ಬೂಸ್ಟರ್ ಕ್ಲಬ್‌ನವರು (ಶಾಲಾ ತಂಡದ ಬೆಂಬಲಿಗರ ಸಂಘ) ಆಸ್ಪತ್ರೆಗೇ ಪುಟ್ಟ ಫುಟ್‌ಬಾಲ್ ತಂದುಕೊಡೋ ಪದ್ಧತಿ ಇತ್ತು. ಮ್ಯಾಸಿಲಾನ್ ಹೈಸ್ಕೂಲಿಗೂ ಕ್ಯಾಂಟನ್‌ನ ಮೆಕಿನ್ಲಿ ಹೈಸ್ಕೂಲಿಗೂ 1894ರಿಂದ ಪೈಪೋಟಿ.

ಇದು ಬರೀ ಊರಿನ ಹಟವಲ್ಲ, ಕಾನೂನಿನಲ್ಲೂ ಇದಕ್ಕೆ ಬೇರಿದೆ. ಎನ್‌ಎಫ್‌ಎಲ್‌ಗೆ ಟಿವಿ ಹಕ್ಕನ್ನು ಒಟ್ಟಾಗಿ ಮಾರಲು ಬಿಟ್ಟ 1961ರ ಕ್ರೀಡಾ ಪ್ರಸಾರ ಕಾಯ್ದೆಯಲ್ಲಿ, ಸೆಪ್ಟೆಂಬರ್ ಎರಡನೇ ಶುಕ್ರವಾರದಿಂದ ಡಿಸೆಂಬರ್ ಎರಡನೇ ಶನಿವಾರದವರೆಗೆ ಶುಕ್ರವಾರ ಸಂಜೆ 6ರ ನಂತರ ಮತ್ತು ಶನಿವಾರ ಆಟ ಪ್ರಸಾರ ಮಾಡಿದರೆ ಆ ರಿಯಾಯಿತಿ ಇಲ್ಲ. ಹೈಸ್ಕೂಲು, ಕಾಲೇಜು ಪಂದ್ಯಗಳ ಗೇಟಿನ ದುಡ್ಡು ಉಳಿಸೋದಕ್ಕೆ ಮಾಡಿದ ಏರ್ಪಾಡು. ಎನ್‌ಎಫ್‌ಎಲ್ಲೇ ತಗ್ಗಿ ನಡೆಯೋ ಸಂಜೆಗೆ ಹನ್ನೆರಡು ಜನರ ಡ್ರಾಫ್ಟ್ ಇಟ್ಟರೆ ಯಾರು ಬರ್ತಾರೆ?

ಶನಿವಾರ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪಂದ್ಯ. ಅದೂ ಹೋಯಿತು.

ಹಾಗಾದರೆ ಯಾವಾಗ? ಪ್ರೀಸೀಸನ್‌ನ ಮೂರು ಅಭ್ಯಾಸ ಪಂದ್ಯ ಮುಗಿದ ಮೇಲೆ, ಆಗಸ್ಟ್ ಕೊನೆಯ ಒಂದು ಮಂಗಳವಾರ ಎಲ್ಲ ತಂಡಗಳೂ 53 ಜನಕ್ಕೆ ಇಳಿಯಬೇಕು. ಯಾರನ್ನ ಕೈಬಿಟ್ಟರು, ಯಾರು ಗಾಯಾಳುಗಳ ಪಟ್ಟಿಗೆ ಹೋದರು ಅನ್ನೋದು ಅವತ್ತು ಗೊತ್ತಾಗುತ್ತೆ. ಅದಕ್ಕೂ ಮೊದಲು ಡ್ರಾಫ್ಟ್ ಮಾಡಿದರೆ ಹತ್ತನೇ ಸುತ್ತಿನ ಕೆಳಗಿನ ಆಯ್ಕೆಗಳಲ್ಲಿ ಕೆಲವು ಶುರುವಾಗೋ ಮುಂಚೆ ಸತ್ತುಹೋಗಿರುತ್ತವೆ. ಆ ಮಂಗಳವಾರ ಕಳೆದು ಲೇಬರ್ ಡೇ ವಾರಾಂತ್ಯದ ಭಾನುವಾರ ಮಧ್ಯಾಹ್ನ ಇಡಿ. ಎನ್‌ಎಫ್‌ಎಲ್ ಪಂದ್ಯ ಇನ್ನೂ ಶುರುವಾಗಿರೋದಿಲ್ಲ, ಸೋಮವಾರ ರಜೆ. ಊರು ಬಿಟ್ಟು ಹೋಗೋರಿದ್ದರೆ ಬುಧವಾರ ಅಥವಾ ಗುರುವಾರ ಸಂಜೆ 6.

ಇನ್ನೊಂದು, ಇದನ್ನ ಆನ್‌ಲೈನ್ ಪಟ್ಟಿಗಳು ಹೇಳೋದಿಲ್ಲ. ಆ ಕೋಣೆಯಲ್ಲಿ ಹೆಚ್ಚಿನವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಡೆ, ಒಂದಿಬ್ಬರು ಪಿಟ್ಸ್‌ಬರ್ಗ್ ಸ್ಟೀಲರ್ಸ್, ಒಬ್ಬ ಸಿನ್ಸಿನಾಟಿ ಬೆಂಗಾಲ್ಸ್. ಬ್ರೌನ್ಸ್ ಆಟಗಾರರು ಸರಾಸರಿಗಿಂತ ಒಂದು ಸುತ್ತು ಮೊದಲೇ ಹೋಗ್ತಾರೆ, ಸ್ಟೀಲರ್ಸ್‌ನವರು ಅರ್ಧ ಸುತ್ತು ತಡವಾಗಿ. ಜೋ ಬರೋ ಬೆಂಗಾಲ್ಸ್‌ನವನಾದರೂ ಅಥೆನ್ಸ್ ಹೈಸ್ಕೂಲಿನ ಒಹಾಯೋ ಹುಡುಗ, ಅವನಿಗೂ ಊರಿನ ಮುಲಾಜಿನ ಬೆಲೆ ಬೀಳುತ್ತೆ. ನಿಮಗೆ ಯಾವ ತಂಡದ ಋಣವೂ ಇಲ್ಲ. ಬ್ರೌನ್ಸ್‌ನವರನ್ನ ಅವರಿಗೇ ಬಿಡಿ, ಅದರಿಂದ ಕೆಳಗೆ ಜಾರಿದವನನ್ನ ಎತ್ತಿಕೊಳ್ಳಿ. ಒಂದು ವೇಳೆ ಬ್ರೌನ್ಸ್ ಆಟಗಾರ ಅಗ್ಗಕ್ಕೆ ಸಿಕ್ಕರೆ ತೊಗೊಂಡು, ಮೊದಲ ಒಳ್ಳೆ ಪಂದ್ಯ ಆದ ಸೋಮವಾರವೇ ವ್ಯಾಪಾರಕ್ಕೆ ಇಡಿ. ಆ ಊರಲ್ಲಿ ಅವನಿಗೆ ಆವತ್ತಿಗಿಂತ ಹೆಚ್ಚು ಬೆಲೆ ಬರಲ್ಲ.

ಪ್ಲೇಆಫ್ ವಾರ ಯಾವುದು ಅಂತಲೂ ಕೇಳಿ. 15, 16, 17 ಆಗಿರಬೇಕು. 18ನೇ ವಾರ ಫೈನಲ್ ಇಟ್ಟರೆ ತಕರಾರು ಮಾಡಿ. 2024ರಲ್ಲಿ ಸೇಕ್ವಾನ್ ಬಾರ್ಕ್ಲಿ 2,005 ಯಾರ್ಡ್ ಓಡಿ, 2,105ರ ಸೀಸನ್ ದಾಖಲೆಗೆ ನೂರು ಚಿಲ್ಲರೆ ಬಾಕಿ ಇದ್ದಾಗಲೇ ಫಿಲಡೆಲ್ಫಿಯಾ ಕೊನೆ ಪಂದ್ಯದಲ್ಲಿ ಅವನನ್ನ ಕೂರಿಸಿತು. ಅವನನ್ನ ನಂಬಿ 18ರಲ್ಲಿ ಫೈನಲ್ ಆಡಿದವರಿಗೆ ಸಿಕ್ಕಿದ್ದು ಸೊನ್ನೆ.


ಹುಬ್ಬಳ್ಳಿ_ಹಾಫ್‌ಟೈಮ್ ಉತ್ತರಿಸಿದ್ದು:

ಬೋರ್ಡ್ ಮತ್ತ ಹಾಡು, ಎರಡಕ್ಕೂ ನಾ ಹೇಳ್ತೀನ್ರಿ.

ಬೋರ್ಡ್: ಅಡ್ಡಕ್ಕ 12 ಕಾಲಂ, ಉದ್ದಕ್ಕ 15 ಸಾಲು. ಸ್ಟಿಕ್ಕರ್ ಕಿಟ್ ಆಗಸ್ಟ್ ನಡುವಿನ ಮ್ಯಾಲೆ ಬಂದಿದ್ದನ್ನ ತರ್ರಿ. ಬ್ಯಾಸಗಿ ಮೊದಲಿಗೆ ಅಚ್ಚಾದ ಕಿಟ್‌ನ್ಯಾಗ ತಂಡ ಬದಲಿಸಿದವ್ರು ಹಳೇ ತಂಡದಾಗ ಇರ್ತಾರ, ಕೆಲವು ಹೊಸ ಹುಡುಗರ ಹೆಸರ ಇರಂಗಿಲ್ಲ. ಅದಕ್ಕ ಖಾಲಿ ಸ್ಟಿಕ್ಕರ್ ಇಪ್ಪತ್ತು ಬಾಜೂಕ ಇಟ್ಕೋರಿ. ಗ್ವಾಡಿಗೆ ಬಣ್ಣ ಬಳಿಯೋರ ನೀಲಿ ಟೇಪ್ ಹಚ್ಚರಿ, ಪ್ಯಾಕಿಂಗ್ ಟೇಪ್ ಹಚ್ಚಿದ್ರ ಹಾಲ್‌ನ ಬಣ್ಣ ಕಿತ್ಗೊಂಡ ಬರ್ತದ, ಠೇವಣಿ ಹೋಗ್ತದ.

ಪ್ರತಿ ಸಾಲಿನ ತುದಿಗೆ ಮಾರ್ಕರ್‌ಲೆ ಬಾಣದ ಗುರುತು ಹಾಕ್ರಿ: ಬೆಸ ಸಾಲು ಬಲಕ್ಕ, ಸಮ ಸಾಲು ಎಡಕ್ಕ. ಸ್ಟಿಕ್ಕರ್ ತಪ್ಪು ಕಾಲಂಗೆ ಹತ್ತೂದು ಹೆಚ್ಚಾಗಿ ತಿರುವಿನ್ಯಾಗ, 12ನೇ ತಂಡ ಎರಡು ಸರ್ತಿ ಒಂದರ ಹಿಂದ ಒಂದು ತೊಗೊಳ್ಳೋ ಹೊತ್ತಿಗೆ. ಒಬ್ರು ಹೆಸರು ಕೂಗಿ ಅಂಟಸ್ಬೇಕು, ಇನ್ನೊಬ್ರು ಅದ ಕ್ಷಣಕ್ಕ ಲ್ಯಾಪ್‌ಟಾಪ್‌ನ್ಯಾಗ ಆ್ಯಪ್‌ಗೆ ಹಾಕ್ಬೇಕು. ಆಮ್ಯಾಲೆ ಹಾಕಿದ್ರಾತು ಅಂತ ಬಿಟ್ರ ಒಬ್ಬ ಆಟಗಾರ ಇಬ್ಬರ ಕಡೆ ಹೋಗಿರ್ತಾನ, ಅದು ಹತ್ತನೇ ಸುತ್ತಿಗೆ ಗೊತ್ತಾಗಿ ಗದ್ದಲ. ಲ್ಯಾಪ್‌ಟಾಪ್ ಮಂದಿ "ಹೋಗ್ಯಾನ" ಅಂದ ಕೂಡ್ಲೆ ಆ ಆಯ್ಕೆ ರದ್ದು, ಅದೇ ಗಡಿಯಾರದಾಗ ಬ್ಯಾರೆ ಹೆಸರು ಹೇಳ್ಬೇಕು. ಈ ನಿಯಮ ಮೊದಲ ಓದಿಬಿಡ್ರಿ.

ಸಮಯ: 180 ಆಯ್ಕೆಗೆ 90 ಸೆಕೆಂಡ್ ಅಂದ್ರ ನಾಕೂವರಿ ತಾಸು, ಯಾರೂ ಕೂಡಂಗಿಲ್ಲ. ಮೊದಲ 5 ಸುತ್ತಿಗೆ 90 ಸೆಕೆಂಡ್, ಮುಂದಿನ 10 ಸುತ್ತಿಗೆ 60. ಎಲ್ಲಾರೂ ಪೂರ್ತಿ ಸಮಯ ತಿಂದ್ರೂ ಮೂರೂವರಿ ತಾಸು. ಎಂಟನೇ ಸುತ್ತು ಮುಗಿದ ಮ್ಯಾಲೆ ಹದಿನೈದು ನಿಮಿಷ ಬಿಡುವು ಕೊಡ್ರಿ, ಬೋರ್ಡಿನ ಫೋಟೋ ತೆಗೀರಿ. ಸ್ಟಿಕ್ಕರ್ ಬಿದ್ದು ಹೋದ್ರ ಆ ಫೋಟೋನ ದಾಖಲೆ.

ಇನ್ನ ಹಾಡು. ಪ್ರತಿ ಆಯ್ಕೆಗೂ ತಂಡದ ಹಾಡು 15 ಸೆಕೆಂಡ್ ಹಾಕೂಣು ಅಂತ ಯಾರರ ಹೇಳೇ ಹೇಳ್ತಾರ. 180ಕ್ಕ ಗುಣಿಸ್ರಿ, ಮುಕ್ಕಾಲು ತಾಸು ಹಾಳು. ಮೊದಲನೇ ಸುತ್ತಿಗೆ ಮಾತ್ರ ಹಾಕ್ರಿ, 12 ಮಂದಿಗೆ ಮೂರೇ ನಿಮಿಷ, ಮಂದೀನೂ ಖುಷ್. ಸ್ಪೀಕರ್ ಬೋರ್ಡಿನ ಕಡೆ ಇಡಬ್ಯಾಡ್ರಿ, ಹಿಂದಿನ ಮೂಲ್ಯಾಗ ಇಡ್ರಿ. ಇಲ್ಲಂದ್ರ ಕೂಗಿದ ಹೆಸರು ಕೇಳಂಗಿಲ್ಲ, ಜೋಷ್ ಆ್ಯಲನ್ ಅಂದ್ರೋ ಕೀನನ್ ಆ್ಯಲನ್ ಅಂದ್ರೋ ಅಂತ ಜಗಳ. ಮಾತಿಲ್ಲದ ವಾದ್ಯಸಂಗೀತ ಈ ಕೆಲಸಕ್ಕ ಛಲೋ.

ಅಲ್ಲಿ ಮಂದಿಗೆ ಹಿಡಸೂದು ಯಾವ್ದು? ಎಲ್ಲಾರೂ ಕಂಟ್ರಿ ಹಾಕ್ತಾರ. ಕಂಟ್ರಿ ಯಾವ ಊರಿಗೆ ಹೋದ್ರೂ ಅದೇ. ಈಶಾನ್ಯ ಒಹಾಯೋಕ್ಕ ಅದರದೇ ಸ್ವಂತ ಸರಕು ಅದ: ಕ್ಲೀವ್‌ಲ್ಯಾಂಡ್‌ನ ಸ್ಲೊವೇನಿಯನ್ ಪೋಲ್ಕಾ. ಅಕಾರ್ಡಿಯನ್ ಮುಂದ, ಬ್ಯಾಂಜೋ ಜೋಡಿಗೆ. 1986ರಾಗ ಪೋಲ್ಕಾಕ್ಕ ಮೊದಲನೇ ಗ್ರ್ಯಾಮಿ ತೊಗೊಂಡ ಫ್ರ್ಯಾಂಕಿ ಯಾಂಕೋವಿಕ್ ಅಲ್ಲಿಯವ್ರೇ. ಐವತ್ತು ದಾಟಿದವ್ರ ಕಾಲು ತಾವಾಗೇ ತಾಳ ಹಾಕ್ತಾವ. ರಾಕ್ ಬೇಕಂದ್ರ ಬಾಜೂ ಊರು ಆ್ಯಕ್ರನ್ ಅದ ಅಲ್ರೀ, ಡೀವೋ, ಬ್ಲ್ಯಾಕ್ ಕೀಸ್ ಎರಡೂ ಅಲ್ಲಿಯವು. ಬ್ಲ್ಯಾಕ್ ಕೀಸ್‌ನ ಗಿಟಾರ್ ಡ್ರಾಫ್ಟ್‌ನ ಹದಕ್ಕ ಸರಿ ಹೊಂದ್ತದ. ಡೀವೋ ಆರನೇ ಸುತ್ತಿನ ಮ್ಯಾಲೆ, ಮಂದಿ ತೂಕಡಸೂ ಹೊತ್ತಿಗೆ.

ಬ್ಯಾಂಡಿನ ರೆಕಾರ್ಡ್ ಹಾಕೋದಿದ್ರ ಮ್ಯಾಸಿಲಾನ್ ಟೈಗರ್ ಸ್ವಿಂಗ್ ಬ್ಯಾಂಡ್ ಹಾಕ್ರಿ, 1938ರಿಂದ ಇದ್ದದ್ದು. ಆದ್ರ ಕೋಣ್ಯಾಗ ಮೆಕಿನ್ಲಿಯವ್ರು ಎಷ್ಟದಾರ ಅಂತ ಮೊದಲ ಎಣಿಸ್ರಿ.


ಶುಕ್ರವಾರದ_ದೀಪ ಉತ್ತರಿಸಿದ್ದು:

ಹುಬ್ಬಳ್ಳಿಯವರೇ, ಆ ತಾಪತ್ರಯ ಯಾಕೆ? ಒಹಾಯೋ ಸ್ಟೇಟ್ ಬ್ಯಾಂಡ್ ಹಾಕಿದರೆ ಮ್ಯಾಸಿಲಾನ್, ಮೆಕಿನ್ಲಿ ಎರಡೂ ಕಡೆಯವರು ಒಟ್ಟಿಗೆ ಕೂಗ್ತಾರೆ. ಅದರಲ್ಲಿ ಕ್ಲ್ಯಾರಿನೆಟ್, ಕೊಳಲು ಇಲ್ಲ, ಬರೀ ಹಿತ್ತಾಳೆ ಊದುವಾದ್ಯ ಮತ್ತು ಡ್ರಮ್; ಆ ಧ್ವನಿಗೆ ಸಣ್ಣ ಸ್ಪೀಕರ್ ಸಾಕು.


ಹುಬ್ಬಳ್ಳಿ_ಹಾಫ್‌ಟೈಮ್ ಉತ್ತರಿಸಿದ್ದು:

ಒಪ್ಪಂಗಿಲ್ರಿ. ಒಹಾಯೋ ಸ್ಟೇಟ್ ಬ್ಯಾಂಡಿನ ಸೊಬಗು ಕಣ್ಣಿಗೆ. 1936ರಿಂದ ಮೈದಾನದಾಗ ನಡಕೋತ ರಾಜ್ಯದ ಹೆಸರು ಬರೀತಾರ, ಕಡೀಕ ಸೂಸಫೋನ್‌ (ದೊಡ್ಡ ಹಿತ್ತಾಳಿ ವಾದ್ಯ) ಊದಾವ ಬಂದು ಐ ಅಕ್ಷರದ ಚುಕ್ಕಿ ಆಗಿ ನಿಲ್ತಾನ. ಅದನ್ನ ರೆಕಾರ್ಡಿನೊಳಗ ಕೇಳಿ ಏನ ಮಾಡ್ತೀರಿ? ಸ್ವಿಂಗ್ ಬ್ಯಾಂಡ್‌ದು ಕಿವಿಗೆ. ಅದೂ ಅಲ್ಲದ, ಮುಚ್ಚಿದ ಹಾಲ್‌ನ್ಯಾಗ ಬರೀ ಹಿತ್ತಾಳಿ ಅಂದ್ರ ಮೂರನೇ ಸುತ್ತಿಗೆ ತಲಿನೋವು.


ರಾತ್ರಿಪಾಳಿ_ಬೆಂಗಳೂರು ಉತ್ತರಿಸಿದ್ದು:

ಕ್ಲೀವ್‌ಲ್ಯಾಂಡ್ ಕಡೆಯ ಆಫೀಸ್ ಟೀಮುಗಳ ಜೊತೆ ಬೆಂಗಳೂರಿಂದ ಲೀಗ್ ಆಡೋರೂ ಈ ಎಳೆ ಓದ್ತಿರ್ತಾರೆ, ಅವರಿಗೂ ಸೇರಿಸಿ ಹೇಳ್ತೀನಿ. ಡ್ರಾಫ್ಟ್ ಚೆನ್ನಾಗಿ ಮಾಡಿ ಲೈನಪ್ ಬೀಗದ ಸಮಯ ತಪ್ಪಿಸಿಕೊಂಡರೆ ಪ್ರಯೋಜನ ಇಲ್ಲ.

ಪ್ರತಿ ಆಟಗಾರನ ಜಾಗಕ್ಕೆ ಅವನ ಪಂದ್ಯ ಶುರುವಾದ ಕ್ಷಣಕ್ಕೆ ಬೀಗ. ಆಡದವರ ಅಂತಿಮ ಪಟ್ಟಿ ಬರೋದು ಪಂದ್ಯಕ್ಕೆ 90 ನಿಮಿಷ ಮೊದಲು. ಭಾನುವಾರ ಮಧ್ಯಾಹ್ನ 1ರ ಪಂದ್ಯಗಳಿಗೆ ಒಹಾಯೋದಲ್ಲಿ 11:30ಕ್ಕೆ ಫೋನ್ ಕೈಯಲ್ಲಿರಬೇಕು. ಬೆಂಗಳೂರಲ್ಲಿ ಅದು ರಾತ್ರಿ 9, ಪಂದ್ಯ 10:30ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಸರಿಸ್ತಾರೆ, ಅಲ್ಲಿಂದ ಇಲ್ಲಿಗೆ ಎಲ್ಲ ಒಂದು ಗಂಟೆ ತಡ. ಗುರುವಾರ ರಾತ್ರಿ 8:15ರ ಪಂದ್ಯ ನಮಗೆ ಶುಕ್ರವಾರ ಬೆಳಗ್ಗೆ 5:45. ಯುರೋಪಿನಲ್ಲಿ ನಡೆಯೋ ಬೆಳಗ್ಗೆ 9:30ರ ಪಂದ್ಯಗಳನ್ನ ಅಮೆರಿಕದಲ್ಲಿರೋರೇ ಹೆಚ್ಚು ಮರೀತಾರೆ, ನಮಗೆ ಅದು ಆರಾಮಾಗಿ ಸಂಜೆ 7.

ಫ್ಲೆಕ್ಸ್ ಜಾಗದ ಒಂದು ಸೂಕ್ಷ್ಮ. ಗುರುವಾರ ಆಡೋ ರಿಸೀವರನ್ನ ಫ್ಲೆಕ್ಸ್‌ನಲ್ಲಿ ಇಡಬೇಡಿ, ರಿಸೀವರ್ ಜಾಗದಲ್ಲೇ ಇಡಿ. ಭಾನುವಾರ ಯಾರಿಗಾದರೂ ಗಾಯ ಅಂತ ಸುದ್ದಿ ಬಂದರೆ ಫ್ಲೆಕ್ಸ್‌ಗೆ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಮೂರರಲ್ಲಿ ಯಾರನ್ನ ಬೇಕಾದರೂ ಹಾಕಬಹುದು. ಗುರುವಾರವೇ ಅದಕ್ಕೆ ಬೀಗ ಬಿದ್ದರೆ ಆ ಅನುಕೂಲ ಹೋಯಿತು. ಅದೇ ಲೆಕ್ಕದಲ್ಲಿ ಎಲ್ಲರಿಗಿಂತ ಕೊನೆಗೆ ಆಡೋನು ಫ್ಲೆಕ್ಸ್‌ನಲ್ಲಿರಲಿ.

ಭಾರತದಲ್ಲಿರೋರು ಹಣ ಕಟ್ಟೋ ಲೀಗ್‌ಗೆ ಸೇರಬೇಡಿ. ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿದೆ, ಡ್ರೀಮ್11 ಕೂಡ ಹಣದ ಸ್ಪರ್ಧೆ ನಿಲ್ಲಿಸಿತು. ಬಿಟ್ಟಿ ಲೀಗ್ ಆಡಿ, ಸೋತವರು ಎಲ್ಲರಿಗೂ ಕಾಫಿ ಕುಡಿಸಲಿ.


ಸ್ಟಾರ್ಕ್‌ಕೌಂಟಿ_ಕನ್ನಡಿಗ ಕೇಳಿದ್ದು:

ಎಲ್ಲರಿಗೂ ಧನ್ಯವಾದ, ಭಾನುವಾರಕ್ಕೆ ಒಪ್ಪಿದರು. ಇನ್ನೆರಡು ಸಂಶಯ. ಒಬ್ಬರು ಬರೋಕೆ ಆಗಲ್ಲ ಅಂತಿದ್ದಾರೆ, ಅವರ ಸರದಿಗೆ ಏನು ಮಾಡೋದು? ಮತ್ತೆ ವೇವರ್‌ಗೆ ಸೀಸನ್‌ಗೆ 100 ಡಾಲರ್‌ನ ಆಟದ ದುಡ್ಡು ಅಂತಿದೆ, ಅದನ್ನ ಹೇಗೆ ಖರ್ಚು ಮಾಡಬೇಕು?


ಟಿಯರ್_ಪಟ್ಟಿ ಉತ್ತರಿಸಿದ್ದು:

ಬರದವರಿಗೆ ಆ್ಯಪ್‌ನ ಆಟೋಪಿಕ್ ಬಿಡಬೇಡಿ. ಅದು ತನ್ನದೇ ಪಟ್ಟಿಯ ಮೇಲಿಂದ ಎತ್ತುತ್ತೆ, ಆ ಹೊತ್ತಿಗೆ ಗಾಯಗೊಂಡವನನ್ನೂ ಎತ್ತಬಹುದು. ಫೋನಿನಲ್ಲಿ ವಿಡಿಯೊ ಕರೆ ಹಾಕಿ ಬೋರ್ಡಿನ ಎದುರು ನಿಲ್ಲಿಸೋದು ಎಲ್ಲಕ್ಕಿಂತ ಒಳ್ಳೇದು. ಅದೂ ಆಗದಿದ್ದರೆ ಅವರಿಂದ 60 ಹೆಸರಿನ ಪಟ್ಟಿ, ಜೊತೆಗೆ "8ನೇ ಸುತ್ತಿನ ಮೊದಲು ಟೈಟ್ ಎಂಡ್ ಬೇಡ" ಅನ್ನೋ ತರಹದ ಒಂದೆರಡು ಷರತ್ತು ಬರೆಸಿಕೊಳ್ಳಿ. ಅದನ್ನ ಲೀಗ್‌ನಲ್ಲಿ ತಂಡ ಇಲ್ಲದವರು ಯಾರಾದರೂ ಓದಿ ಹೇಳಲಿ. ಪಕ್ಕದ ಸರದಿಯವರ ಕೈಗಂತೂ ಕೊಡಲೇಬಾರದು.

ವೇವರ್ ದುಡ್ಡು ಮೊದಲ ಮೂರು ವಾರದಲ್ಲಿ ಧಾರಾಳವಾಗಿ ಖರ್ಚು ಮಾಡಿ. ಎರಡನೇ ವಾರ ಸಿಕ್ಕವನು 16 ವಾರ ಆಡ್ತಾನೆ, ಹನ್ನೆರಡನೇ ವಾರ ಸಿಕ್ಕವನು ಆರು. ತಾರೆಗೆ ಸೀಸನ್ ಪೂರ್ತಿ ಪೆಟ್ಟಾಗಿ ಅವನ ಬದಲಿ ಖಾಲಿ ಇದ್ದರೆ ಹರಾಜಿನಲ್ಲಿ 50ರಿಂದ 60 ಕೂಗಿದರೂ ತಪ್ಪಿಲ್ಲ. ಡಿಫೆನ್ಸ್, ಕಿಕ್ಕರ್‌ಗೆ 1ಕ್ಕಿಂತ ಹೆಚ್ಚು ಬೇಡ. ಕೂಗೋವಾಗ ದುಂಡು ಸಂಖ್ಯೆ ಬಿಡಿ: ಎಲ್ಲರೂ 10, 20, 25 ಅಂತ ಹಾಕ್ತಾರೆ, ನೀವು 11, 21, 26 ಹಾಕಿ. ಸಾಮಾನ್ಯವಾಗಿ ಬುಧವಾರ ಬೆಳಗಿನ ಜಾವ ಲೆಕ್ಕ ಆಗುತ್ತೆ, ಆದ್ದರಿಂದ ಮಂಗಳವಾರ ಮಲಗೋ ಮುಂಚೆ ಹಾಕಿಬಿಡಿ, ಮತ್ತೆ ಬೆಂಚಿನಿಂದ ಯಾರನ್ನ ಬಿಡ್ತೀರಿ ಅನ್ನೋ ಕಾಲಂ ಕೂಡ ತುಂಬಿ. ಅದು ಖಾಲಿ ಇದ್ದು ತಂಡದಲ್ಲಿ ಜಾಗ ಇಲ್ಲದಿದ್ದರೆ ನಿಮ್ಮ ಕೂಗು ಎಷ್ಟೇ ದೊಡ್ಡದಿದ್ದರೂ ಆಟಗಾರ ಬರೋದಿಲ್ಲ.